ಆರ್ಡರ್ ತಪ್ಪಬಾರದು

ಗೇಮ್ ಕನ್ಸೋಲಿನ ಮುಚ್ಚಳ ತೆಗೆದವನೇ ರಿಪೇರಿ ಅಂಗಡಿಯವನು ಮೂಗು ಮುಚ್ಚಿಕೊಂಡ. ಒಳಗೆ ಸತ್ತ ಜಿರಳೆಗಳು, ಒಣಗಿದ ಅನ್ನದ ಅಗುಳು, ಕತ್ತರಿಸಿದ ಉಗುರಿನ ಚೂರುಗಳು.

"ಥೂ! ಏನ್ ಮೇಡಂ, ಇದು ಮಷೀನಾ, ತಿಪ್ಪೆಗುಂಡಿನಾ?"

"ನಮ್ಮನೆಯವ್ರು ಅದರ ಮುಂದೇನೇ ತಿಂತಾರೆ, ಅಲ್ಲೇ ಉಗುರು ಕತ್ತರಿಸ್ಕೋತಾರೆ," ಎಂದಳು ಅವಳು. "ಮೊನ್ನೆ ಜ್ವರ ಏರಿ ಮಗೂಗೆ ಫಿಟ್ಸ್ ಬಂದಾಗ್ಲೂ ‘ಇರು, ಗೇಮ್ ಸೇವ್ ಆಗ್ಲಿ’ ಅಂದ್ರು."

ಅವನು ಬ್ರಷ್ಷಿನಿಂದ ಜಿರಳೆಗಳನ್ನು ಗುಡಿಸುತ್ತಲೇ ಇದ್ದ.

"ಕಂಪನಿ ಲಾಕ್ ಮುರಿದಿರೋ ಮಷೀನು ಇದು, ಅಪ್‌ಡೇಟು ತಾನಾಗೇ ಬರಲ್ಲ. ಗೇಮ್ ತೆಗೆದು ಹೊಸದಾಗಿ ಹಾಕ್ಬೇಕು. ಫೈಲ್ ಹೆಸರಿನ ಮುಂದೆ ನಂಬರ್ ಕೊಡ್ತೀನಿ, ಆ ಆರ್ಡರಲ್ಲೇ ಇನ್‌ಸ್ಟಾಲ್ ಆಗುತ್ತೆ. ಮೊದಲು ಗೇಮು, ಆಮೇಲೆ ಹಳೇ ಅಪ್‌ಡೇಟು, ಕೊನೆಗೆ ಹೊಸದು."

"ಹಿಂದುಮುಂದಾದ್ರೆ?"

"ಹಳೇದು ಹೊಸದರ ಮೇಲೆ ಕೂತ್ಬಿಟ್ರೆ, ಅವರು ಇಷ್ಟು ವರ್ಷ ಆಡಿ ಸೇವ್ ಮಾಡಿದ್ದೆಲ್ಲ ಕೆಟ್ಟುಹೋಗುತ್ತೆ. ಮತ್ತೆ ಒಂದನೇ ಲೆವೆಲಿಂದ ಶುರು."

"ಆಮೇಲೆ ನೀವು ಸರಿಮಾಡಕ್ಕಾಗಲ್ವಾ?"

"ನಾನಿರ್ಲಿ, ಆ ಕಂಪನಿಯವ್ರೇ ಬಂದ್ರೂ ಆಗಲ್ಲ. ಅದಕ್ಕೇ ಹೇಳೋದು, ಆರ್ಡರ್ ತಪ್ಪಬಾರ್ದು ಅಂತ. ಅರ್ಥ ಆಯ್ತಾ?"

ಅವಳು ಮೇಜಿನ ಮೇಲೆ ಸಿಡಿದುಬಿದ್ದಿದ್ದ ಉಗುರಿನ ಚೂರನ್ನು ಕಾಗದದ ತುದಿಯಿಂದ ದೂರ ತಳ್ಳಿದಳು.

"ಅರ್ಥ ಆಯ್ತು. ಹಳೇದನ್ನ ಕೊನೆಗೆ ಹಾಕಿಕೊಡಿ."