ಬದಲಿಸದ ಮಡಿಕೆ

ಹೆಂಡತಿ ಧಾರೆಯ ರೇಷ್ಮೆಸೀರೆ ಬಿಚ್ಚಿ ಹೊಸದಾಗಿ ಮಡಿಸುತ್ತಿದ್ದಳು. ಫೈರ್ ಸ್ಟೇಷನ್ನಿಗೆ ಡ್ಯೂಟಿಗೆ ಹೊರಟಿದ್ದ ಅವನಿಗೆ ರೇಗಿತು.

"ಉಡದ ಸೀರೆಗೆ ಎಷ್ಟು ಉಪಚಾರ."

"ಒಂದೇ ಮಡಿಕೆಯಲ್ಲಿ ಬಿಟ್ರೆ ಅಲ್ಲೇ ಸೀಳಿಹೋಗುತ್ತೆ ಕಣ್ರೀ."

"ಕೆಲಸ ಇಲ್ಲದವರ ಕೆಲಸ," ಅಂದು ಹೊರಟುಹೋದ.

ಮಧ್ಯಾಹ್ನ ಅವರ ಮನೆಯ ಬೀದಿಯಲ್ಲೇ ಇದ್ದ ಹಾಸಿಗೆ ಅಂಗಡಿಗೆ ಬೆಂಕಿ ಬಿತ್ತು. ಅವನು ಫೈರ್ ಗಾಡಿಯಿಂದ ಕ್ಯಾನ್ವಾಸ್ ಪೈಪು ಎಳೆದು ನೀರು ಬಿಟ್ಟದ್ದೇ ತಡ, ಪೈಪು ನಡುವೆ ಸೀಳಿಹೋಗಿ ನೀರೆಲ್ಲ ಚರಂಡಿಗೆ ಹೋಯಿತು. ಇನ್ನೊಂದು ಪೈಪೂ ಹಾಗೇ ಸೀಳಿಹೋಯಿತು.

"ಮಡಿಕೆಯಲ್ಲೇ ಹೋಗಿದೆಯಲ್ಲಯ್ಯ. ಆಗಾಗ ಬಿಚ್ಚಿ ಮಡಿಕೆ ಬದಲಿಸೋದು ನಿನ್ನ ಕೆಲಸ ಅಲ್ವಾ?" ಸಾಹೇಬರು ಕೇಳಿದರು.

"ಬದಲಿಸ್ತಾನೇ ಇದ್ದೆ ಸರ್," ಅಂದ, ತಲೆ ಎತ್ತದೆ.

ಗುಂಪಿನಲ್ಲಿದ್ದ ಹೆಂಡತಿ ಒಮ್ಮೆ ಪೈಪಿನ ಸೀಳು ನೋಡಿದಳು, ಒಮ್ಮೆ ಅವನನ್ನು ನೋಡಿದಳು. ಆಮೇಲೆ ನೀರಿನ ಕೊಡ ತರಲು ಮನೆಗೆ ಓಡಿದಳು.