ಆಯಿಯ ತಲೆಯ ಮೇಲಿನ ಗೀಟು

“ತಲಿ ಮ್ಯಾಲ ಈ ಬಿಳಿ ಗೀಟ ಬಿದ್ದೈತಲ್ರಿ ವೀರಪ್ಪಣ್ಣ, ಅಳಿಸಿಬಿಡ್ಲೇನ್ರಿ?”

ಹುಕ್ಕೇರಿಯ ಸ್ಟುಡಿಯೋದಲ್ಲಿ ಈಶ್ವರ ಕಂಪ್ಯೂಟರನ್ನು ಇತ್ತ ತಿರುಗಿಸಿದ. ಪರದೆಯ ಮೇಲೆ ಅಕ್ಕವ್ವ ಮನೆಯ ಕಟ್ಟೆಯಲ್ಲಿ ಕುಳಿತು, ಮುಖ ಮೇಲೆ ಮಾಡಿ, ಬಲಗೈ ಎತ್ತಿದ್ದಳು. ಹಿಂದೆ ಹಿಡಕಲ್ ಹಿನ್ನೀರು ಕಪ್ಪಾಗುತ್ತಿತ್ತು. ಮುಸ್ಸಂಜೆಯ ಆಕಾಶದಲ್ಲಿ ಈ ತುದಿಯಿಂದ ಆ ತುದಿಗೆ ಒಂದು ಬಿಳಿ ಗೆರೆ.

“ಅಳಿಸು. ನಾಳೆ ಅವ್ವನ ಶಿವಗಣಾರಾಧನಿ ಐತಿ. ಗೀಟ ಬಿದ್ದ ಫೋಟೋಕ್ಕ ಹಾರ ಹಾಕಾಕ ಬರೂದಿಲ್ಲ,” ಎಂದ ವೀರಪ್ಪ. “ಆ ಕೈನೂ ತಗಿ, ಬರೇ ಮುಖ ಇರ್ಲಿ. ನಮ್ಮವ್ವಂದು ಇದೊಂದ ಫೋಟೋ ನೋಡಪಾ. ಕ್ಯಾಮರಾ ಕಂಡ್ರ ಸೆರಗ ಎಳಕೋತಿದ್ಲು.”

ಫೋಟೋ ತೆಗೆದಿದ್ದ ನೇತ್ರಾ, ಅವನ ಅಣ್ಣನ ಮಗಳು, ಬಾಗಿಲಿಗೆ ಒತ್ತಿ ನಿಂತಿದ್ದಳು. ಬಾಹ್ಯಾಕಾಶ ನಿಲ್ದಾಣ ಊರ ಮೇಲೆ ಹಾದುಹೋಗುವ ಸಂಜೆಗಳಲ್ಲಿ, ಮೊಬೈಲನ್ನು ಜೋಳದ ಚೀಲಕ್ಕೆ ಆನಿಸಿಟ್ಟು ಅದರ ಹಾದಿ ಹಿಡಿಯುವುದು ಅವಳ ಹುಚ್ಚು. ಕ್ಯಾಮೆರಾದ ಕಣ್ಣು ಬಹಳ ಹೊತ್ತು ತೆರೆದೇ ಇರಬೇಕು. ಓಡುವ ಚುಕ್ಕೆ ಗೆರೆಯಾಗುತ್ತದೆ. ಅಲುಗಾಡಿದ ಮನುಷ್ಯ ಹೊಗೆಯಂತೆ ಮಸುಕಾಗುತ್ತಾನೆ.

“ನಿಂದಲ್ಲಬೇ ಆಯಿ, ಚುಕ್ಕಿ ಫೋಟೋ,” ಎಂದು ಪುಸಲಾಯಿಸಿ ಅಂದು ಅಜ್ಜಿ ಅಕ್ಕವ್ವನನ್ನು ಕೂರಿಸಿದ್ದಳು. ಆಯಿಯೇ ಕರೆದು ಕಾಕಾ ವೀರಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದಳು.

“ಅದರಾಗ ಮಂದಿ ಅದಾರೇನು?” ಆಯಿ ಕೇಳಿದ್ದಳು.

“ಅದಾರಬೇ. ತಿಂಗಳಾನುಗಟ್ಲೆ ಅಲ್ಲೇ ಇರ್ತಾರ.”

“ಪಾಪ, ಅವರವ್ವಗೋಳು ಹೆಂಗ ಜೀವಾ ತಡಕೊಂಡಿರ್ತಾವೋ!”

ಮನೆಯಿಂದ ಯಾರೇ ಹೊರಟರೂ ಅಕ್ಕವ್ವ ಬಾಗಿಲಲ್ಲಿ ನಿಂತು ಕೈ ಎತ್ತುವವಳು; ಹೋದವರು ಮರೆಯಾಗುವತನಕ ಇಳಿಸುವವಳಲ್ಲ. ಅಂದೂ ಹಾಗೆಯೇ, “ಹೋಗಿ ಬರ್ರೆಪಾ,” ಎಂದು ಎತ್ತಿದ ಕೈ ಚುಕ್ಕೆ ಗುಡ್ಡದಾಚೆ ಇಳಿಯುವತನಕ ಅಲುಗಲಿಲ್ಲ. ಕಾಕಾ ಮಾತ್ರ ನಡುವೆಯೇ ಫೋನ್ ಬಂತೆಂದು ಎದ್ದು ಹೋಗಿದ್ದ.

ಈಶ್ವರ ಮೌಸನ್ನು ಗೆರೆಯ ಮೇಲೆ ತಂದ.

“ಬ್ಯಾಡ್ರಿ.”

ಇಬ್ಬರೂ ತಿರುಗಿ ನೋಡಿದರು. ಕಾಕಾನ ಮುಂದೆ ಎಂದೂ ಬಾಯಿ ತೆರೆಯದ ಹುಡುಗಿ ನೆಲ ನೋಡುತ್ತಲೇ ಹೇಳಿದಳು: “ಅದು ಗೀಟಲ್ರಿ ಕಾಕಾ. ಮಂದಿ ಹೊಂಟಾರ ಅದರಾಗ. ಆಯಿ ಅವರಿಗೆ ಹೋಗಿ ಬರ್ರಿ ಅಂತ ಕೈ ಎತ್ತ್ಯಾಳ. ಎರಡೂ ಅಳಿಸಿದ್ರ ಉಳಿಯೂದು ಆಯಿ ಅಲ್ರಿ.”

ವೀರಪ್ಪ ಪರದೆಯ ಸಮೀಪಕ್ಕೆ ಬಾಗಿದ. ತಾನು ಗಾಡಿ ಹತ್ತಿದಾಗಲೆಲ್ಲ ಬೆನ್ನ ಹಿಂದೆ ಆ ಕೈ ಹೀಗೇ ಎತ್ತಿರುತ್ತಿತ್ತೆಂದು ಅವನಿಗೆ ಗೊತ್ತಿತ್ತು. ತಿರುಗಿ ನೋಡಿದ್ದು ಮಾತ್ರ ನೆನಪಿಗೆ ಬರಲಿಲ್ಲ.

“ಇರ್ಲಿ ಬಿಡು,” ಎಂದ. “ಕೈನೂ ಇರ್ಲಿ, ಗೀಟೂ ಇರ್ಲಿ.”

“ಹಂಗಾರ ಬಾಜೂಕಿನ ಈ ಹೊಗಿ?” ಈಶ್ವರ ಬೆರಳಿಟ್ಟು ತೋರಿಸಿದ. “ಒಲಿ ಹಚ್ಚಿದ್ರೇನ್ರಿ ಅಲ್ಲೆ?”

ವೀರಪ್ಪ ತಾಯಿಯ ಪಕ್ಕದ ಆ ಮಸುಕನ್ನು ಬಹಳ ಹೊತ್ತು ನೋಡಿದ.

“ಅದನ್ನೂ ಅಳಿಸಬ್ಯಾಡ,” ಎಂದ. “ಅದು ನಾನು.”