ಸೇತುವೆಯಿಂದ ಅಡುಗೆಮನೆಗೆ

ಸದ್ದು ಎಷ್ಟು ದೂರ ಕೇಳಿಸುತ್ತದೆ ಎಂದು ಆಕೆ ಮೂರನೇ ಸಲ ಕೇಳಿದಾಗ, ಸೈಲೆನ್ಸರ್ ಮೇಸ್ತ್ರಿ ವೆಲ್ಡಿಂಗ್ ಕನ್ನಡಕವನ್ನು ಹಣೆಗೇರಿಸಿ ಆಕೆಯ ಮುಖ ನೋಡಿದ.

ಇಪ್ಪತ್ತೆರಡು ವರ್ಷಗಳಿಂದ ಅವನು ಕಾರುಗಳ ಗಂಟಲು ಬದಲಿಸುತ್ತ ಬಂದವನು. ಬರುವವರೆಲ್ಲ ಆಗಷ್ಟೇ ಮೀಸೆ ಮೂಡಿದವರು. ಗುಡುಗಬೇಕು, ಸಿಡಿಯಬೇಕು, ಪಕ್ಕದವನ ಹೊಟ್ಟೆ ಉರಿಯಬೇಕು ಎನ್ನುತ್ತಾರೆ. ದೂರದ ಲೆಕ್ಕ ಕೇಳಿದವಳು ಈಕೆಯೊಬ್ಬಳೇ.

“ನಮ್ಮ ರಸ್ತೆ ಕೊನೇಲಿ ಒಂದು ಸೇತುವೆ ಇದೆ. ಕಾರು ಅದನ್ನ ಹತ್ತಿದಾಗ್ಲೇ ನನಗೆ ಅಡುಗೆಮನೇಲಿ ಗೊತ್ತಾಗ್ಬೇಕು.”

“ಮಿಕ್ಸಿ ಹಾಕಿದ್ರೂನಾ?” ಮೇಸ್ತ್ರಿ ತಮಾಷೆ ಮಾಡಿದ.

“ಹಾಕಿದ್ರೂ. ನಲ್ಲಿ ಬಿಟ್ಟಿದ್ರೂ.” ಆಕೆ ನಗಲಿಲ್ಲ. “ಯಜಮಾನ್ರ ಹುಟ್ಟುಹಬ್ಬಕ್ಕೆ ಉಡುಗೊರೆ. ಹೊಸ ಕಾರು ಬೆಕ್ಕಿನ ಹಾಗೆ ಬರುತ್ತೆ ಅಣ್ಣ. ಬಾಗಿಲಲ್ಲಿ ನಿಂತ ಮೇಲೇ ಗೊತ್ತಾಗೋದು.”

ಉಡುಗೊರೆ ಕೊಡುವವರ ಮುಖದಲ್ಲಿ ಒಂದಿಷ್ಟಾದರೂ ಸಂಭ್ರಮ ಇರುತ್ತದೆ. ಆಕೆಯ ಮುಖದಲ್ಲಿ ಸಂತೋಷವೂ ಇರಲಿಲ್ಲ, ಬೇಜಾರೂ ಇರಲಿಲ್ಲ. ಬಲಗೈಯಲ್ಲಿ ಚೀಲ ಹಿಡಿದು, ವಿದ್ಯುತ್ ಕಚೇರಿಯಲ್ಲಿ ಸರದಿ ಕಾಯುವವರ ಹಾಗೆ ನಿಂತಿದ್ದಳು.

ಮರುದಿನ ಗಂಡನೇ ಕಾರು ತಂದ. ಎತ್ತರದ ಆಳು, ಬಾಯ್ತುಂಬ ನಗು, ಭುಜ ತಟ್ಟಿಯೇ ಮಾತಾಡುವ ಸಲಿಗೆ. ಬಂದವನೇ ಅಂಗಡಿಯವರಿಗೆಲ್ಲ ಕಾಫಿ ತರಿಸಿದ. ಮೇಸ್ತ್ರಿಗೆ ಮೊದಲ ನೋಟಕ್ಕೇ ಹಿಡಿಸಿಬಿಟ್ಟ.

“ನೋಡಿ ಮೇಸ್ತ್ರಿ, ಹೆಂಡ್ತಿ ಅಂದ್ರೆ ಹೀಗಿರ್ಬೇಕು. ನನ್ನ ಸ್ನೇಹಿತರ ಹೆಂಡ್ತೀರು ಸದ್ದು ಕಮ್ಮಿ ಮಾಡು ಅಂತ ಗೋಳಾಡ್ತಾರೆ. ಇವಳು ಜಾಸ್ತಿ ಮಾಡಿಸ್ಕೊಡ್ತಿದಾಳೆ!” ಮತ್ತೆ ಭುಜ ತಟ್ಟಿದ. “ಸರೀನೇ ಅಲ್ವಾ? ಯಜಮಾನ ಬಂದ ಅಂದ್ರೆ ಮನೆಗೆ ಗೊತ್ತಾಗ್ಬೇಕು.”

ಮೇಸ್ತ್ರಿ ಸದ್ದು ತಡೆಯುವ ಹಿಂದಿನ ಡಬ್ಬ ಬದಲಿಸಿ, ಅಗಲ ಬಾಯಿಯ ಕೊಳವೆ ಕೂರಿಸಿದ. ಕಾರು ಗಂಟಲು ಸರಿಮಾಡಿಕೊಂಡು ಗುರ್ ಎಂದಿತು. ಗಂಡ ಮಗುವಿನಂತೆ ಕುಣಿದ.

ವಾರದೊಳಗೆ ಆಕೆ ಮತ್ತೆ ಬಂದಳು. ಚೀಲ ಈ ಸಲ ಎಡಗೈಯಲ್ಲಿತ್ತು, ಬಲಗೈ ಶಾಲಿನೊಳಗಿತ್ತು.

“ಸಾಲ್ಲಿಲ್ಲ ಅಣ್ಣ. ಮನೆ ಪಕ್ಕದ ಔಷಧಿ ಅಂಗಡಿ ಹತ್ರ ಬಂದ ಮೇಲೆ ಕೇಳಿಸ್ತು. ಅಷ್ಟೊತ್ತಿಗೆ ತಡ ಆಗಿತ್ತು.”

“ಏನು ತಡ?”

ಆಕೆ ಶಾಲನ್ನು ಎಳೆದುಕೊಂಡಳು. “ಸೇತುವೆಯಿಂದಾನೇ ಕೇಳಿಸ್ಬೇಕು. ಅಲ್ಲಿಂದ ಮನೆಗೆ ಎರಡು ನಿಮಿಷ. ಆ ಎರಡು ನಿಮಿಷ ನನಗೆ ಬೇಕೇ ಬೇಕು” ಎಂದಳು. ದನಿಯಲ್ಲಿ ಏರಿಳಿತವೇ ಇರಲಿಲ್ಲ.

ಮಧ್ಯಾಹ್ನ ಊಟ ತಂದ ಮೇಸ್ತ್ರಿಯ ಹೆಂಡತಿ ಕಥೆಯನ್ನೆಲ್ಲ ಕೇಳಿ ತಲೆ ಚಚ್ಚಿಕೊಂಡಳು.

“ಅಯ್ಯೋ ನಿಮ್ಮ! ಕಬ್ಬಿಣ ಬಿಟ್ರೆ ಬೇರೇನೂ ತಲೆಗೆ ಹತ್ತಲ್ವಲ್ಲ. ಗಂಡ ಬರೋದು ಎರಡು ನಿಮಿಷ ಮುಂಚೆ ಗೊತ್ತಾದ್ರೆ ಯಾರಿಗೆ ಅನುಕೂಲ ಹೇಳಿ? ಹಿಂದಿನ ಬಾಗಿಲಲ್ಲಿ ಜಾರ್ಕೊಳ್ಳೋನಿಗೆ!”

ಮೇಸ್ತ್ರಿ ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದ. ಛೇ, ಅಂಥ ಒಳ್ಳೆಯ ಮನುಷ್ಯ! ಅವನದೇ ಕಾರಿನ ಸದ್ದಿಗೆ ಇನ್ಯಾವನೋ ಎಚ್ಚೆತ್ತು ಓಡಿಹೋಗುವುದೇ? ಅದಕ್ಕೆ ತಾನು ವೆಲ್ಡಿಂಗ್ ಮಾಡಿಕೊಡುವುದೇ? ಮೇಸ್ತ್ರಿಗೆ ಮೈಯೆಲ್ಲ ಉರಿಯಿತು.

ಆದರೂ ಒಪ್ಪಿಕೊಂಡ ಕೆಲಸವೆಂದು, ಮರುದಿನ ಗಂಡ ಕಾರು ತಂದಾಗ ಮಧ್ಯದ ಡಬ್ಬವನ್ನು ಕಿತ್ತು ನೇರ ಕೊಳವೆ ಹಾಕಿಯೇ ಕೊಟ್ಟ. ಗಂಡನಿಗೆ ಹೇಳಲೇಬೇಕೆಂದು ನಿಶ್ಚಯಿಸಿಯೂ ಆಗಿತ್ತು. ಆದರೆ ಇಂಥ ಮಾತನ್ನು ಕಣ್ಣಾರೆ ಕಾಣದೆ ಆಡಬಾರದು. ಆಡಿ ತಪ್ಪಾದರೆ ಒಂದು ಸಂಸಾರ ಬೀದಿಗೆ ಬರುತ್ತದೆ. ಎರಡು ದಿನ ಬಿಟ್ಟು ಗಂಡನಿಗೆ ಫೋನ್ ಮಾಡಿದ.

“ಒಂದು ಬೋಲ್ಟ್ ಬಿಗಿ ಮಾಡೋದಿದೆ ಸಾರ್. ಸಂಜೆ ಮನೆ ಹತ್ರ ಬರ್ಲಾ?”

“ಆರಕ್ಕೆ ಬನ್ನಿ ಮೇಸ್ತ್ರಿ. ನಾನೂ ಅಷ್ಟೊತ್ತಿಗೆ ಬಂದಿರ್ತೀನಿ.”

ಮೇಸ್ತ್ರಿ ಐದೂವರೆಗೇ ಹೋದ. ಮುಂದಿನ ಗೇಟಿಗೆ ಹೋಗದೆ, ಹಿಂದಿನ ಓಣಿಯಲ್ಲಿ ಮೋಟು ಗೋಡೆಯ ಪಕ್ಕ ಸ್ಪ್ಯಾನರ್ ಹಿಡಿದು ನಿಂತ. ಅಡುಗೆಮನೆಯ ಕಿಟಕಿ ತೆರೆದಿತ್ತು. ಒಳಗೆ ಪಿಸುಮಾತು, ಪಾತ್ರೆಯ ಸದ್ದು, ಆಮೇಲೆ ಆಕೆಯ ನಗು. ಅಂಗಡಿಯಲ್ಲಿ ಒಮ್ಮೆಯೂ ನಗದ ಹೆಂಗಸು ಇಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇನ್ನು ಸಾಕ್ಷಿ ಬೇರೆ ಬೇಕೇ ಎಂದುಕೊಂಡ ಮೇಸ್ತ್ರಿ.

ಆರಕ್ಕೆ ಹತ್ತು ನಿಮಿಷ ಇರುವಾಗ ಸೇತುವೆಯ ಕಡೆಯಿಂದ ಗುಡುಗು ಎದ್ದಿತು. ತನ್ನದೇ ಕೈಕೆಲಸ. ಆ ಹೊತ್ತಿನಲ್ಲೂ ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು.

ನಗು ಅರ್ಧಕ್ಕೇ ನಿಂತಿತು. ನಲ್ಲಿ ನಿಂತಿತು. ಕಿಟಕಿ ಮುಚ್ಚಿಕೊಂಡಿತು. ಹಿಂದಿನ ಬಾಗಿಲ ಚಿಲಕ ಸರಿಯಿತು. ಬಾರೋ ಮಗನೇ ಎಂದು ಮೇಸ್ತ್ರಿ ಮನಸ್ಸಿನಲ್ಲೇ ಹಲ್ಲು ಕಡಿದು, ದಾರಿ ಕಟ್ಟಲು ಎರಡು ಹೆಜ್ಜೆ ಮುಂದಿಟ್ಟ.

ಹೊರಗೆ ಬಂದವರು ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಒಂಬತ್ತಿರಬಹುದು, ಚಿಕ್ಕವಳಿಗೆ ಐದು. ಅಳಲಿಲ್ಲ, ಓಡಲಿಲ್ಲ, ಹಿಂತಿರುಗಿ ನೋಡಲಿಲ್ಲ. ದಿನಾ ಶಾಲೆಗೆ ಹೋಗುವವರಂತೆ ಕೈಕೈ ಹಿಡಿದು ನೀರಿನ ತೊಟ್ಟಿಯ ಹಿಂದಿನ ಸಂದಿಗೆ ಹೋಗಿ, ಮಂಡಿ ಮಡಚಿ ಕೂತರು. ಬಾಗಿಲಲ್ಲಿ ನಿಂತ ತಾಯಿ ಮೇಸ್ತ್ರಿಯನ್ನು ಕಂಡಳು. ಬೆಚ್ಚಲೂ ಇಲ್ಲ. ಅಂಗಡಿಯಲ್ಲಿದ್ದ ಅದೇ ಮುಖ ಮತ್ತೆ ಬಂದು ಕೂತಿತ್ತು. ತುಟಿಯ ಮೇಲೆ ಬೆರಳಿಟ್ಟು, ತಾನು ಒಳಗೇ ಉಳಿದು, ಬಾಗಿಲು ಹಾಕಿಕೊಂಡಳು.

ಮುಂದುಗಡೆ ಎಂಜಿನ್ ಆಫ್ ಆಯಿತು. ತೊಟ್ಟಿಯ ಹಿಂದಿನಿಂದ ಚಿಕ್ಕವಳ ಪಿಸುದನಿ ಕೇಳಿಸಿತು.

“ಅಕ್ಕಾ, ಇವತ್ತು ಚಪ್ಪಲಿ ಹಾಕ್ಕೊಳ್ಳೋಕೂ ಟೈಮ್ ಸಿಕ್ತು ಅಲ್ವಾ?”